ವಿಭಾಗ ಆಮೇಲೆ, ಪ್ರಶ್ನೆ ಮೊದಲು: ನಮ್ಮ ಕಡೆಯಿಂದ ಸಂಶೋಧನೆಗೆ ಹೊರಡುವವರಿಗೆ

"ಸರ್, ಪಿಎಚ್‌ಡಿಗೆ ಒಂದು ಚಲೋ ಟಾಪಿಕ್ ಹೇಳ್ರಿ."

ಎಂ.ಎ., ಎಂ.ಎಸ್ಸಿ. ರಿಸಲ್ಟ್ ಬಂದ ವಾರದಲ್ಲಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುವ ಹುಡುಗರು ಕೇಳುವುದು ಇದೊಂದೇ. ನಾನು ತಿರುಗಿ ಕೇಳುವುದೂ ಒಂದೇ: "ನಿಮ್ಮೂರು ಯಾವುದಪಾ?" ಟಾಪಿಕ್ ಕೇಳಿದರೆ ಊರು ಕೇಳ್ತಾರಲ್ಲ ಅಂತ ಅವರ ಮುಖ ಸಪ್ಪಗಾಗುತ್ತದೆ. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರ ಊರ ಹೆಸರಲ್ಲೇ ಅರ್ಧ ಟಾಪಿಕ್ ಕೂತಿರುತ್ತದೆ. ಹಟ್ಟಿ ಅಂದರೆ ಚಿನ್ನದ ಗಣಿ. ಶಕ್ತಿನಗರ ಅಂದರೆ ಕಲ್ಲಿದ್ದಲ ಬೂದಿ. ಮಸ್ಕಿ ಅಂದರೆ ಅಶೋಕ. ಕಿನ್ನಾಳ ಅಂದರೆ ಬಣ್ಣದ ಗೊಂಬೆ. ಕಾರಟಗಿ, ಸಿಂಧನೂರು ಅಂದರೆ ಭತ್ತ, ಭತ್ತದ ಬೆನ್ನಿಗೇ ಬಂದ ಸವಳು.

ಎಂಜಿನಿಯರಿಂಗ್, ವಿಜ್ಞಾನ, ಮಾನವಿಕ ಅಂತ ಮೂರು ಕಟ್ಟಡ ಕಟ್ಟಿದ್ದು ಆಡಳಿತದ ಅನುಕೂಲಕ್ಕೆ. ನೆಲಕ್ಕೆ ಆ ಗೋಡೆ ಗೊತ್ತಿಲ್ಲ. ಹಾಗಾಗಿ ಮುಂದಿನ ಒಂದೆರಡು ವರ್ಷದಲ್ಲಿ ಸಂಶೋಧನೆಗೆ ಸೇರಬೇಕು ಅಂತಿರುವವರು ನಿಮ್ಮ ವಿಭಾಗವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಓದಿ. ಅದಕ್ಕೆ ಆಮೇಲೆ ಬರೋಣ.

ಹೆಜ್ಜೆ 1: ವಿಷಯ ಬೇಡ, ಪ್ರಶ್ನೆ ಹುಡುಕಿ

ಮೊದಲು ನನ್ನ ಪೆದ್ದುತನ ಹೇಳಿಬಿಡ್ತೇನೆ. ನಾನು ಅರ್ಥಶಾಸ್ತ್ರದವನು. ಸೇರಿದಾಗ ಬರೆದುಕೊಟ್ಟ ಶೀರ್ಷಿಕೆ "ಜಾಗತೀಕರಣ ಮತ್ತು ಭಾರತೀಯ ಕೃಷಿ: ಒಂದು ಅಧ್ಯಯನ". ಇಡೀ ಭಾರತ, ಇಡೀ ಕೃಷಿ, ಇಡೀ ಜಗತ್ತು, ಅಧ್ಯಯನ ಮಾತ್ರ ಒಂದು! ಹತ್ತು ತಿಂಗಳು ಪುಸ್ತಕ ಓದಿದೆ, ಟಿಪ್ಪಣಿ ಬರೆದೆ. ಏನು ಹುಡುಕುತ್ತಿದ್ದೇನೆ ಅಂತ ಯಾರಾದರೂ ಕೇಳಿದರೆ ಉತ್ತರ ಇರಲಿಲ್ಲ.

ಆ ಪೆದ್ದುತನ ಬಿಟ್ಟುಹೋಗಿದ್ದು ಕಾರಟಗಿ ಹತ್ತಿರದ ಒಂದು ಹೊಲದ ಬದುವಿನ ಮೇಲೆ. ಸಂಬಂಧಿಕರ ಮದುವೆಗೆ ಹೋದಾಗ ಮನೆಯ ಹಿರಿಯರು ಹೊಲಕ್ಕೆ ಕರೆದುಕೊಂಡು ಹೋದರು. ಬದುವಿನ ಒಂದು ಕಡೆ ಮೊಣಕಾಲೆತ್ತರದ ಭತ್ತ. ಇನ್ನೊಂದು ಕಡೆ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಿನ ನೆಲ, ಅಲ್ಲೊಂದು ಇಲ್ಲೊಂದು ಜಾಲಿ. ಚಪ್ಪಲಿ ಇಟ್ಟರೆ ಮೇಲಿನ ಪದರ ಹಪ್ಪಳದಂತೆ ಮುರಿದು ಕಾಲು ಮೆತ್ತಗೆ ಇಳಿಯುತ್ತಿತ್ತು.

"ಈ ಉಪ್ಪು ಎಲ್ಲಿಂದ ಬಂತು ಕಾಕಾ?"

"ಎಲ್ಲಿಂದನೂ ಬಂದಿಲ್ಲೋ ತಮ್ಮಾ. ಇಲ್ಲೇ ಕೆಳಗ ಮಕ್ಕೊಂಡಿತ್ತು. ನೀರು ಹೋಗಿ ಎಬ್ಬಿಸ್ತು."

ಮಣ್ಣು ವಿಜ್ಞಾನದವರು ಒಂದು ಅಧ್ಯಾಯದಲ್ಲಿ ಹೇಳುವುದನ್ನು ಅವರು ಎರಡು ಮಾತಲ್ಲಿ ಹೇಳಿ ಮುಗಿಸಿದರು. ಕಪ್ಪು ಎರೆ ಮಣ್ಣಲ್ಲಿ ನೀರು ಸಲೀಸಾಗಿ ಇಳಿಯುವುದಿಲ್ಲ. ವರ್ಷವಿಡೀ ನೀರು ನಿಲ್ಲಿಸಿದರೆ ಅಂತರ್ಜಲದ ಮಟ್ಟ ಮೇಲೇರುತ್ತದೆ. ತಳದ ಉಪ್ಪು ಆ ನೀರಿನ ಜೊತೆ ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆರಿ ಹೋಗಿ ಉಪ್ಪು ಮಾತ್ರ ಉಳಿಯುತ್ತದೆ. ನಮ್ಮ ಕಡೆ ಇದಕ್ಕೆ ಸವಳು ಅನ್ನುತ್ತಾರೆ. ನೀರು ಬಸಿಯದೆ ಕೊಳೆತು ನಿಂತ ನೆಲ ಜವಳು. ಎರಡೂ ಜೋಡಿ ಪದ, ಜೋಡಿ ಕಾಯಿಲೆ.

ಅವತ್ತು ಹುಟ್ಟಿದ ಪ್ರಶ್ನೆ ಇಷ್ಟೇ: ಒಂದೇ ತೂಬಿನ ನೀರು ಕುಡಿಯುವ ಎರಡು ಹೊಲದಲ್ಲಿ ಒಂದಕ್ಕೆ ಮಾತ್ರ ಸವಳು ಬಂದರೆ, ಆ ನಷ್ಟ ಯಾರ ತಲೆಗೆ? ಇದು ಪ್ರಶ್ನೆ. "ಸವಳು ಭೂಮಿ ಒಂದು ಅಧ್ಯಯನ" ಅನ್ನುವುದು ಬರೀ ವಿಷಯ. ಪರೀಕ್ಷೆ ಮಾಡುವುದು ಸುಲಭ. ನೀವು ಬರೆದ ವಾಕ್ಯದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಬರುತ್ತದಾ? ಅದಕ್ಕೆ "ಹೌದು" ಅಂತಲೂ "ಇಲ್ಲ" ಅಂತಲೂ ಉತ್ತರ ಬರುವ ಸಾಧ್ಯತೆ ಇದೆಯಾ? ಉತ್ತರ ಮೊದಲೇ ಗೊತ್ತಿದ್ದರೆ ಅದು ಸಂಶೋಧನೆ ಅಲ್ಲ, ಭಾಷಣ.

ಕೈಯಲ್ಲಿ 100 ಪುಟದ ನೋಟ್‌ಬುಕ್ ಹಿಡಿದು ಹದಿನೈದು ದಿನ ಊರು ಸುತ್ತಿ. ಅಂಗಡಿ ಕಟ್ಟೆ, ಬಸ್‌ಸ್ಟ್ಯಾಂಡ್, ಎಪಿಎಂಸಿ, ಸಂತೆ. ಜನ ಬೈಯುತ್ತ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಇಪ್ಪತ್ತು ಪ್ರಶ್ನೆ ಸಿಕ್ಕರೆ ಎರಡು ಉಳಿಯುತ್ತವೆ. ಸಾಕು.

ಹೆಜ್ಜೆ 2: ಪ್ರಶ್ನೆಯನ್ನು ಎಲ್ಲ ವಿಭಾಗಗಳ ಬಾಗಿಲಿಗೆ ಕರೆದೊಯ್ಯಿರಿ

ಈ ಹೆಜ್ಜೆಯನ್ನು ಬಹಳ ಜನ ಹಾರಿಬಿಡುತ್ತಾರೆ. ನನಗೆ ಇದೇ ಮುಖ್ಯ ಅನಿಸುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಅದೇ ಸವಳು ನೆಲವನ್ನು ತೆಗೆದುಕೊಳ್ಳಿ. ಸಿವಿಲ್ ಎಂಜಿನಿಯರ್ ಬಂದರೆ ಮೊದಲು ಬಸಿಗಾಲುವೆ ಎಲ್ಲಿ ಅಂತ ನೋಡುತ್ತಾನೆ. ನೆಲದಡಿ ತೂತಿನ ಪೈಪ್ ಹೂಳಿ ಉಪ್ಪು ನೀರು ಹೊರಗೆ ಹರಿಸುವುದು ಅವನ ವಿದ್ಯೆ. ಎಷ್ಟು ಆಳ, ಎಷ್ಟು ಅಂತರ, ಬಸಿದ ನೀರನ್ನು ಯಾವ ಹಳ್ಳಕ್ಕೆ ಬಿಡಬೇಕು ಅನ್ನುವುದು ಅವನ ಪ್ರಶ್ನೆ. ಮಣ್ಣು ವಿಜ್ಞಾನಿ ಬಂದರೆ ಮಣ್ಣಿನ ರಸದ ವಿದ್ಯುತ್ ವಾಹಕತೆ ಅಳೆಯುತ್ತಾಳೆ. ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು ಅಂತ ಲೆಕ್ಕ. ಸೋಡಿಯಂ ಜಾಸ್ತಿ ಇದ್ದರೆ ಮದ್ದೂ ಬೇರೆ, ಜಿಪ್ಸಂ ಬೇಕಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ತುಂಬ ವರ್ಷಗಳಿಂದ ಕೆಲಸ ನಡೆದಿದೆ. ಸಸ್ಯಶಾಸ್ತ್ರದವರಿಗೆ ಉಪ್ಪು ತಡೆಯುವ ತಳಿ ಬೇಕು. ಕಂಪ್ಯೂಟರ್ ಸೈನ್ಸ್ ಹುಡುಗ ಹೊಲಕ್ಕೆ ಕಾಲಿಡದೆಯೂ ಶುರು ಮಾಡಬಹುದು. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 1972ರಿಂದ ಇವೆ, ಸೆಂಟಿನೆಲ್-2 ಚಿತ್ರಗಳು 10 ಮೀಟರ್ ಸೂಕ್ಷ್ಮದಲ್ಲಿ ಸಿಗುತ್ತವೆ, ಎರಡೂ ಪುಕ್ಕಟೆ. ಬಿಳಿ ನೆಲ ವರ್ಷದಿಂದ ವರ್ಷಕ್ಕೆ ಯಾವ ಕಡೆ ಹರಡಿತು ಅಂತ ನಕ್ಷೆ ಮಾಡಬಹುದು. ಆದರೆ ಕೊನೆಗೆ ಒಮ್ಮೆ ಹೊಲಕ್ಕೆ ಹೋಗಲೇಬೇಕು. ಮೇಲಿನಿಂದ ನೋಡಿದರೆ ಸವಳೂ ಬೆಳ್ಳಗೆ, ಮಣ್ಣು ಒಣಗಿದ ಕೆರೆಯಂಗಳವೂ ಬೆಳ್ಳಗೆ.

ಇನ್ನು ಮಾನವಿಕ ವಿಭಾಗದವರು. ತುಂಗಭದ್ರಾ ಎಡದಂಡೆ ನಾಲೆ ಮಾಡಿದಾಗ ಅದು ಬರದಿಂದ ಕಾಪಾಡುವ ನೀರಾವರಿ ಅನ್ನುವುದೇ ಲೆಕ್ಕಾಚಾರ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಜಾಸ್ತಿ ನೆಲ, ಭತ್ತಕ್ಕೆ ಸ್ವಲ್ಪ. ಆಗಿದ್ದು ಉಲ್ಟಾ. ಆಂಧ್ರದ ಕರಾವಳಿ ಕಡೆಯಿಂದ ಭತ್ತ ಬೆಳೆಯುವುದರಲ್ಲಿ ಪಳಗಿದ ರೈತರು ಬಂದು ಜಮೀನು ಕೊಂಡರು, ಅವರು ನೆಲೆಸಿದ ಕ್ಯಾಂಪ್‌ಗಳು ಎದ್ದವು. ಮೇಲ್ಭಾಗದವರು ಎರಡು ಬೆಳೆ ಭತ್ತ ಹಾಕಿದರು, ಕೊನೆಭಾಗದವರು ಪ್ರತಿ ವರ್ಷ ನೀರಿಗಾಗಿ ರಸ್ತೆಯಲ್ಲಿ ಕೂತರು. ಇದು ಇತಿಹಾಸದ ಪ್ರಶ್ನೆಯೂ ಹೌದು, ಸಮಾಜಶಾಸ್ತ್ರದ್ದೂ ಹೌದು, ರಾಜಕೀಯದ್ದೂ ಹೌದು. ಸವಳಾದ ಹೊಲ ಬಿಟ್ಟು ಬೆಂಗಳೂರಿಗೆ ಗುಳೆ ಹೋದವರ ಮನೆಯಲ್ಲಿ ಮಕ್ಕಳ ಶಾಲೆ ಏನಾಯಿತು? ಶಿಕ್ಷಣಶಾಸ್ತ್ರದವರು ಕೇಳಬೇಕು. ಸಿಂಧನೂರು ತಾಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪ್‌ಗಳಿವೆ. ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಕೇಳುತ್ತದೆ. ಭಾಷಾಶಾಸ್ತ್ರದವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ!

ನೀರಿನ ಮೂಲಕ್ಕೇ ಹೋದರೆ ಅಲ್ಲೂ ಹಾಗೆಯೇ. 1953ರಲ್ಲಿ ಶುರುವಾದ ತುಂಗಭದ್ರಾ ಜಲಾಶಯ ಆಗ 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಲೆಕ್ಕ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಚೈನ್ ಕಡಿದು 19ನೇ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು. ಕಡಿದ ಚೈನಿನ ಲೋಹ ಎಷ್ಟು ಸವೆದಿತ್ತು ಅನ್ನುವುದು ಮೆಕ್ಯಾನಿಕಲ್‌ನವರಿಗೆ. ಆ ವಾರ ರೈತರು ಎರಡನೇ ಬೆಳೆಯ ಬಗ್ಗೆ ಏನು ತೀರ್ಮಾನ ಮಾಡಿದರು ಅನ್ನುವುದು ನಮ್ಮಂಥವರಿಗೆ.

ಬಳ್ಳಾರಿ ಕಡೆಯವರಿಗೆ ಬೇರೆ ಉದಾಹರಣೆ ಕೊಡ್ತೇನೆ. ಕುಡಿತಿನಿಯಲ್ಲಿ ಎರಡು ಬೂದಿ ಇವೆ. ಒಂದು ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ. ಅದರಿಂದ ಇಟ್ಟಿಗೆ ಮಾಡಬಹುದಾ, ರಸ್ತೆ ಹಾಸಬಹುದಾ, ಹೊಲದ ಮೇಲೆ ಕೂತರೆ ಬೆಳೆಗೆ ಏನಾಗುತ್ತದೆ, ಉಸಿರಿಗೆ ಹೋದರೆ ಮನುಷ್ಯರಿಗೆ ಏನಾಗುತ್ತದೆ: ನಾಲ್ಕು ವಿಭಾಗಕ್ಕೆ ನಾಲ್ಕು ಪ್ರಶ್ನೆ. ಇನ್ನೊಂದು ಬೂದಿ ಸಾವಿರಾರು ವರ್ಷ ಹಳೆಯದು, ಹೊಸಶಿಲಾಯುಗದ ಬೂದಿದಿಬ್ಬ. ರಾಕ್ಷಸರನ್ನು ಸುಟ್ಟ ಜಾಗ ಅಂತ ಜನ ನಂಬಿದ್ದರು. ಜ್ವಾಲಾಮುಖಿ ಅಂದವರಿದ್ದರು, ಕಬ್ಬಿಣ ಕರಗಿಸಿದ ಕುಲುಮೆ ಅಂದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ದಿಬ್ಬಗಳನ್ನು ಗಮನವಿಟ್ಟು ನೋಡಿದರು. ರಾಸಾಯನಿಕ ಪರೀಕ್ಷೆಯಲ್ಲಿ ಅದು ಸುಟ್ಟ ಸಗಣಿ ಅಂತ ತಿಳಿಯಿತು. ಆಮೇಲೆ ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತೇ ಸಿಕ್ಕಿತು. ದನದ ದೊಡ್ಡಿಯ ಸಗಣಿ ಮತ್ತೆ ಮತ್ತೆ ಸುಟ್ಟು ದಿಬ್ಬವಾಗಿತ್ತು. ಆ ಕಾಲದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಸಸ್ಯ ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹುರುಳಿ, ಹೆಸರು, ಕೊರಲೆ ಕಂಡವು. ಅಂದರೆ ಈಗ "ಸಿರಿಧಾನ್ಯ" ಅಂತ ಪ್ಯಾಕೆಟ್‌ನಲ್ಲಿ ಮಾರುವ ಕೊರಲೆ ನಮ್ಮೂರಿನ ಹಳೇ ಊಟ. ಭೂವಿಜ್ಞಾನ, ರಸಾಯನ, ಪುರಾತತ್ವ, ಸಸ್ಯಶಾಸ್ತ್ರ ನಾಲ್ಕೂ ಸೇರಿ ಒಂದು ಬೂದಿಗುಡ್ಡೆಯ ಗಂಟು ಬಿಡಿಸಿದವು.

ಮಸ್ಕಿಯದ್ದು ಇನ್ನೂ ಮಜಾ. 1915ರಲ್ಲಿ ಅಲ್ಲಿ ಅಶೋಕನ ಶಾಸನ ಕಂಡಿದ್ದು ಇತಿಹಾಸದ ಪ್ರೊಫೆಸರ್‌ಗೆ ಅಲ್ಲ, ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್‌ಗೆ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ರಾಜನ ಬಿರುದು ಇತ್ತು, "ಅಶೋಕ" ಎಂಬ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಹೆಸರು ಸಿಕ್ಕಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಸಿಕ್ಕಿತು.

ನೀವು ಮಾಡಬೇಕಾದ್ದು ಇಷ್ಟು. ಒಂದು ದೊಡ್ಡ ಹಾಳೆ ತಗೊಳ್ಳಿ. ನಡುವೆ ನಿಮ್ಮ ಪ್ರಶ್ನೆ ಬರೆಯಿರಿ. ಸುತ್ತ ಕನಿಷ್ಠ ಆರು ವಿಭಾಗದ ಹೆಸರು ಬರೆದು, ಆ ವಿಭಾಗದವರು ಇದನ್ನು ಹೇಗೆ ಕೇಳುತ್ತಾರೆ ಅಂತ ಒಂದೊಂದು ವಾಕ್ಯ ಬರೆಯಿರಿ. ಗೊತ್ತಿಲ್ಲದ ವಿಭಾಗಕ್ಕೆ ಆ ವಿಭಾಗದ ಗೆಳೆಯರನ್ನು ಚಹಾಕ್ಕೆ ಕರೆದು ಕೇಳಿ. ಕೊನೆಗೆ ನಿಮಗೆ ಬರುವ ವಿದ್ಯೆಯಿಂದ ಯಾವ ವಾಕ್ಯಕ್ಕೆ ಉತ್ತರ ಹುಡುಕಬಹುದೋ ಅದನ್ನು ಮಾತ್ರ ಇಟ್ಟುಕೊಳ್ಳಿ. ಉಳಿದ ಐದು ವಾಕ್ಯ ವ್ಯರ್ಥ ಅಲ್ಲ. ಸಂದರ್ಶನದಲ್ಲಿ "ಇದನ್ನ ಬೇರೆಯವ್ರು ಹೆಂಗ್ ನೋಡ್ತಾರ?" ಅಂದಾಗ ಅವೇ ಕೈಹಿಡಿಯುವುದು.

ಹೆಜ್ಜೆ 3: ಯಾರು ಏನು ಮಾಡಿಟ್ಟಿದ್ದಾರೆ ನೋಡಿ

ಶುರು ಮಾಡಬೇಕಾದ್ದು ಶೋಧಗಂಗಾದಿಂದ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಲಕ್ಷಗಟ್ಟಲೆ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. "ರಾಯಚೂರು", "ಬಳ್ಳಾರಿ" ಅಂತ ಹುಡುಕುವಾಗ ಇಂಗ್ಲಿಷಿನ ಹಳೇ ಕಾಗುಣಿತಗಳಲ್ಲೂ ಹುಡುಕಿ. ಬಳ್ಳಾರಿಗೆ ಎರಡು ಮೂರು ಕಾಗುಣಿತ ಇವೆ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ.

ಪ್ರಬಂಧ ಸಿಕ್ಕಾಗ ಮೊದಲ ಪುಟದಿಂದ ಓದಬೇಡಿ. ಕೊನೆಯ ಅಧ್ಯಾಯದಲ್ಲಿ "ಮುಂದಿನ ಸಂಶೋಧನೆಗೆ ಅವಕಾಶ" ಅಂತ ಒಂದು ಭಾಗ ಇರುತ್ತದೆ. ಅಲ್ಲಿ ಹಿಂದಿನವರು ಮಾಡಲಾಗದೆ ಬಿಟ್ಟ ಕೆಲಸದ ಪಟ್ಟಿ ಇರುತ್ತದೆ. ಆಮೇಲೆ ವಿಧಾನದ ಅಧ್ಯಾಯ. ಆಮೇಲೆ ಬೇಕಿದ್ದರೆ ಉಳಿದದ್ದು.

ಪತ್ರಿಕೆಯ ಲೇಖನಗಳಿಗೆ ಗೂಗಲ್ ಸ್ಕಾಲರ್ ಇದೆ. ದುಡ್ಡು ಕೇಳುವ ಲೇಖನ ಬಂದರೆ ಗಾಬರಿ ಬೇಡ. 2025ರ ಜನವರಿಯಿಂದ "ಒಂದು ದೇಶ ಒಂದು ಚಂದಾ" ಯೋಜನೆ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳವರು ಓದಬಹುದು. ನಿಮ್ಮ ಕಾಲೇಜು ಲೈಬ್ರರಿಯನ್ ಹತ್ತಿರ ಹೋಗಿ ಲಾಗಿನ್ ಕೇಳಿ. "ಅದೆಲ್ಲ ಇಲ್ಲಪಾ" ಅಂದರೂ ಇನ್ನೊಮ್ಮೆ ಕೇಳಿ.

ಚಾಟ್‌ಬಾಟ್ ಹತ್ತಿರ ಲೇಖನಗಳ ಪಟ್ಟಿ ಕೇಳಿದರೆ ಪ್ರತಿಯೊಂದನ್ನೂ ಹುಡುಕಿ ನೋಡಿ. ಹುಟ್ಟೇ ಇಲ್ಲದ ಲೇಖನಕ್ಕೆ ಅದು ಲೇಖಕ, ವರ್ಷ, ಪುಟ ಸಂಖ್ಯೆ ಸಮೇತ ಹೆಸರಿಡುತ್ತದೆ.

ಓದಿದ್ದನ್ನೆಲ್ಲ ಝೊಟೆರೊದಲ್ಲಿ ಹಾಕಿಡಿ. ಪುಕ್ಕಟೆ ತಂತ್ರಾಂಶ. ಮೂರು ವರ್ಷದ ಮೇಲೆ "ಆ ವಾಕ್ಯ ಎಲ್ಲಿ ಓದಿದ್ದೆ" ಅಂತ ರಾತ್ರಿ ಎರಡಕ್ಕೆ ತಡಕಾಡುವುದು ತಪ್ಪುತ್ತದೆ.

ಹೆಜ್ಜೆ 4: ಅಂಕಿ ಮತ್ತು ಕಡತ, ನಮ್ಮ ಕಡೆಯ ತೊಡಕು

ಇದು ಹೊರಗಿನವರು ಬರೆದ ಮಾರ್ಗದರ್ಶಿಗಳಲ್ಲಿ ಸಿಗುವುದಿಲ್ಲ, ಅದಕ್ಕೇ ಬಿಡಿಸಿ ಹೇಳ್ತೇನೆ.

ಒಂದು, ಜಿಲ್ಲೆಯ ಗಡಿ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾಗಿದ್ದು 1997-98ರಲ್ಲಿ. ಹಾಗಾಗಿ 1991ರ ಜನಗಣತಿಯ "ರಾಯಚೂರು" ಮತ್ತು 2011ರ "ರಾಯಚೂರು" ಒಂದೇ ಅಲ್ಲ. ಬಳ್ಳಾರಿ ಇನ್ನೂ ಗೋಜಲು. ಹರಪನಹಳ್ಳಿ ಅದರಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ವಾಪಸ್ ಬಂತು. 2021ರಲ್ಲಿ ಹೊಸಪೇಟೆ ಕಡೆಯ ತಾಲೂಕುಗಳ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಜಿಲ್ಲೆ ಹೋಲಿಸಿ "ಬಳ್ಳಾರಿಯಲ್ಲಿ ನೀರಾವರಿ ದಿಢೀರ್ ಇಳಿದಿದೆ" ಅಂತ ಬರೆದರೆ, ಇಳಿದಿದ್ದು ನೀರಾವರಿಯಲ್ಲ, ಗಡಿ. ಯಾವತ್ತೂ ತಾಲೂಕು ಮಟ್ಟದ ಅಂಕಿ ತೆಗೆದುಕೊಂಡು, ನೀವೇ ಕೂಡಿಸಿ. ಕಾರಟಗಿ, ಕನಕಗಿರಿ, ಮಸ್ಕಿಯಂಥ ಹೊಸ ತಾಲೂಕುಗಳಿದ್ದರೆ ಹೋಬಳಿ ಅಥವಾ ಹಳ್ಳಿ ಮಟ್ಟಕ್ಕೇ ಇಳಿಯಿರಿ.

ಎರಡು, ಹಳೇ ಕಡತ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸ್‌ಗೆ ಸೇರಿತ್ತು. ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದ್ದು, 1956ರಲ್ಲಿ ಬಂದವು. ಕೊಪ್ಪಳ ಸಾಲಾರ್‌ಜಂಗ್ ಮನೆತನದ ಜಹಗೀರು, ಸಂಡೂರು ತನ್ನದೇ ರಾಜರ ಪುಟ್ಟ ಸಂಸ್ಥಾನ. ಆದ್ದರಿಂದ ಬಳ್ಳಾರಿಯ ಹಳೇ ಕಂದಾಯ, ಬರಗಾಲದ ಕಡತ ಹುಡುಕುವವರು ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು. ಅಲ್ಲಿಯದು ಇಂಗ್ಲಿಷ್, ಓದಬಹುದು. ರಾಯಚೂರಿನವರು ಹೈದರಾಬಾದಿಗೆ ಹೋಗಬೇಕು. ಅಲ್ಲಿಯ ಕಡತ ಬಹಳಷ್ಟು ಉರ್ದು, ಇನ್ನೂ ಹಳೆಯದು ಪಾರಸಿ. ಇಸವಿ ಕೂಡ ಫಸಲಿ, ಅಂದರೆ ಕಂದಾಯದ ವರ್ಷದ ಲೆಕ್ಕ. 1350 ಫಸಲಿ ಅಂತ ಕಂಡರೆ 590 ಕೂಡಿಸಿ, 1940ರ ಆಸುಪಾಸು. ಬಳ್ಳಾರಿ ಕೆಲಸಕ್ಕೆ 1904ರ ಜಿಲ್ಲಾ ಗೆಜೆಟಿಯರ್ ಇದ್ದೇ ಇದೆ, ಅದು ಇಂಟರ್ನೆಟ್‌ನಲ್ಲೇ ಸಿಗುತ್ತದೆ.

ಇತಿಹಾಸದ ಹುಡುಗರಿಗೆ ನನ್ನ ಸಲಹೆ: ಆರು ತಿಂಗಳು ಉರ್ದು ಓದಲು ಕಲಿಯಿರಿ. ಮನೆ ಹತ್ತಿರದ ಮದರಸಾದ ಮೌಲವಿಗಳೋ, ನಿವೃತ್ತ ಉರ್ದು ಮೇಷ್ಟ್ರೋ ಸಂತೋಷದಿಂದ ಹೇಳಿಕೊಡುತ್ತಾರೆ. ನಿಜಾಮರ ಕಾಲದ ಕೈಬರಹ ಸಲೀಸಾಗಿ ಓದುವ ಹಿರಿಯರು ನಮ್ಮಲ್ಲಿ ಈಗ ಬೆರಳೆಣಿಕೆ.

ಶಾಸನದ ಕೆಲಸಕ್ಕೆ ಹಂಪಿ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟ ತಂದಿದೆ. ಸಂಪುಟ ಓದಿ ಮುಗಿಸಿ ಆಮೇಲೆ ಕಲ್ಲಿನ ಹತ್ತಿರ ಹೋಗಿ. ಕಲ್ಲು ಈಗ ಎಲ್ಲಿದೆ ಅನ್ನುವುದೇ ಎಷ್ಟೋ ಸಲ ಹೊಸ ಸಂಶೋಧನೆ.

ಮೂರು, ಕಚೇರಿಗಳು. ಬಾಯಿಮಾತಲ್ಲಿ ಕೇಳಿದರೆ "ನಾಳೆ ಬರ್ರಿ". ನನ್ನನ್ನು ಒಂದು ಕಚೇರಿಯಲ್ಲಿ ಹನ್ನೊಂದು ಸಲ ನಾಳೆ ಬಾ ಅಂದಿದ್ದರು. ಹನ್ನೆರಡನೇ ಸಲ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 30 ದಿನದೊಳಗೆ ಉತ್ತರ ಕೊಡಬೇಕು ಅನ್ನುವುದು ಕಾನೂನು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಎಲ್ಲಾ ಮಾಹಿತಿ ಕೊಡಿ" ಅಂತ ಬರೆಯಬೇಡಿ. "ಇಂಥ ವಿತರಣಾ ಕಾಲುವೆಯಲ್ಲಿ ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ದಿನವಾರು ಹರಿದ ನೀರಿನ ಪ್ರಮಾಣ" ಅಂತ ಬರೆಯಿರಿ. ನನಗೆ ಇಪ್ಪತ್ತಾರನೇ ದಿನಕ್ಕೆ ಸಿಕ್ಕಿತು.

ಹೆಜ್ಜೆ 5: ಗೈಡ್ ಮತ್ತು ಪ್ರವೇಶ

ಈಗ ವಿಭಾಗಕ್ಕೆ ಬರೋಣ. ನಮ್ಮ ಸುತ್ತ ಇರುವ ಸಂಸ್ಥೆಗಳು ಕಡಿಮೆ ಏನಲ್ಲ. ಬಳ್ಳಾರಿಯಲ್ಲಿ 2010ರಿಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, 2019ರಲ್ಲಿ ಶುರುವಾದ ಐಐಐಟಿ, ಮಹರ್ಷಿ ವಾಲ್ಮೀಕಿ ಹೆಸರಿನ ವಿಶ್ವವಿದ್ಯಾಲಯ, ಕೊಪ್ಪಳದಲ್ಲಿ ಹೊಸ ವಿಶ್ವವಿದ್ಯಾಲಯ, ಪಕ್ಕದಲ್ಲೇ 1991ರಿಂದ ಹಂಪಿ ಕನ್ನಡ ವಿಶ್ವವಿದ್ಯಾಲಯ. ಎಂಜಿನಿಯರಿಂಗ್‌ನವರಿಗೆ ವಿಟಿಯು ಮಾನ್ಯತೆಯ ಸಂಶೋಧನಾ ಕೇಂದ್ರಗಳು ಕಾಲೇಜುಗಳಲ್ಲೇ ಇರುತ್ತವೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮ ಗೊತ್ತಿರಲಿ. ಎರಡು ವರ್ಷದ ಸ್ನಾತಕೋತ್ತರದಲ್ಲಿ 55 ಶೇಕಡಾ ಬೇಕು, ಮೀಸಲು ವರ್ಗದವರಿಗೆ 5 ಶೇಕಡಾ ರಿಯಾಯಿತಿ. ಪಿಎಚ್‌ಡಿ ಮುಗಿಸಲು ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷದವರೆಗೆ ಹೆಚ್ಚುವರಿ ಅವಕಾಶ, 240 ದಿನದವರೆಗೆ ಹೆರಿಗೆ ರಜೆ. ಒಬ್ಬ ಪ್ರೊಫೆಸರ್ ಹತ್ತಿರ ಪಿಎಚ್‌ಡಿ ಮಾಡುವವರು 8 ಜನ, ಸಹ ಪ್ರಾಧ್ಯಾಪಕರ ಹತ್ತಿರ 6, ಸಹಾಯಕ ಪ್ರಾಧ್ಯಾಪಕರ ಹತ್ತಿರ 4 ಜನ ಮಾತ್ರ ಇರಬಹುದು. ಹಾಗಾಗಿ ಗೈಡ್ ಹತ್ತಿರ ಹೋದಾಗ ಸೀಟು ಖಾಲಿ ಇದೆಯಾ ಅಂತ ಮೊದಲೇ ಕೇಳಿ. ಸಂಕೋಚ ಬೇಡ.

2024ರ ಜೂನ್‌ನಿಂದ ಯುಜಿಸಿಯ ನೆಟ್ ಪರೀಕ್ಷೆಯ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ಬಳಸಬಹುದು. ಅದರಲ್ಲಿ ಜೆಆರ್‌ಎಫ್ ಅನ್ನುವ ಫೆಲೋಶಿಪ್ ಬಂದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಮನೆ ಕಷ್ಟದಲ್ಲಿರುವವರು ಮೊದಲು ಜೆಆರ್‌ಎಫ್‌ಗೆ ಒಂದು ವರ್ಷ ಕೊಟ್ಟರೆ ತಪ್ಪಿಲ್ಲ. ಫೆಲೋಶಿಪ್ ಇಲ್ಲದೆ ಆರು ವರ್ಷ ಎಳೆಯುವುದು ಬಹಳ ಕಷ್ಟ, ಕಂಡಿದ್ದೇನೆ.

ಗೈಡ್ ಆರಿಸುವಾಗ ಹೆಸರು, ಹುದ್ದೆ ನೋಡಬೇಡಿ. ಅವರ ಹತ್ತಿರ ಈಗ ಕೆಲಸ ಮಾಡುತ್ತಿರುವ ಹುಡುಗಿಯರನ್ನೂ ಹುಡುಗರನ್ನೂ ಕ್ಯಾಂಟೀನಿಗೆ ಕರೆದು ಒಂದೇ ಪ್ರಶ್ನೆ ಕೇಳಿ: "ಬರೆದು ಕೊಟ್ಟ ಅಧ್ಯಾಯ ಎಷ್ಟು ದಿನದಲ್ಲಿ ವಾಪಸ್ ಬರ್ತದ?" ತಿಂಗಳೊಳಗೆ ಅಂದರೆ ಸೇರಿ. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರೆ ಬೇರೆ ಬಾಗಿಲು ತಟ್ಟಿ.

ಪ್ರಶ್ನೆ ಎರಡು ವಿಭಾಗಕ್ಕೆ ಸೇರಿದ್ದರೆ ಸಹ ಮಾರ್ಗದರ್ಶಕರನ್ನು ಕೇಳಬಹುದು. ಕಿನ್ನಾಳ ಗೊಂಬೆಯ ಮೇಲೆ ಕೆಲಸ ಮಾಡುವ ಲಲಿತಕಲೆಯವರಿಗೆ ರಸಾಯನಶಾಸ್ತ್ರದವರೊಬ್ಬರು ಜೊತೆಗಿದ್ದರೆ ಎಷ್ಟು ಅನುಕೂಲ ಅಲ್ವಾ? ಹಗುರ ಮರದ ಗೊಂಬೆಗೆ ಹಚ್ಚುವ, ಹುಣಸೆ ಬೀಜದ ಅಂಟು, ಮರದ ಹೊಟ್ಟು ಸೇರಿಸಿದ ಆ ಕಿಟ್ಟ ಯಾಕೆ ಬಿರುಕು ಬಿಡುವುದಿಲ್ಲ ಅನ್ನುವುದನ್ನು ಚಿತ್ರಗಾರರು ಕೈಯಲ್ಲಿ ತೋರಿಸಿದರೆ, ಇವರು ಪ್ರಯೋಗಾಲಯದಲ್ಲಿ ನೋಡುತ್ತಾರೆ.

ಹೆಜ್ಜೆ 6: ಹೊಲಕ್ಕೆ, ಗಣಿಗೆ, ಮನೆಗೆ ಹೋದಾಗ

ಪ್ರಶ್ನಾವಳಿ ಹಿಡಿದು ಹೋಗುವವರಿಗೆ ಎರಡೇ ಮಾತು. ಹಾಸ್ಟೆಲ್ ರೂಮಿನಲ್ಲಿ ಕೂತು 300 ಫಾರಂ ತುಂಬುವ ವಿದ್ಯೆ ನಮ್ಮಲ್ಲಿದೆ, ಎಲ್ಲರಿಗೂ ಗೊತ್ತು. ನಿಜವಾಗಿ ತುಂಬಿದ 60 ಸಾಕು, ಸುಳ್ಳಿನ 300 ಬೇಡ. ಇನ್ನೊಂದು, ಸಮಯ. ನಾಟಿ, ಕೊಯ್ಲಿನ ದಿನ ಹೋಗಿ ಮಾತಾಡಿಸಬೇಡಿ. ಹೆಣ್ಣುಮಕ್ಕಳನ್ನು ಮಾತಾಡಿಸಬೇಕಿದ್ದರೆ ಮಧ್ಯಾಹ್ನದ ಬುತ್ತಿ ಹೊತ್ತು, ಮರದ ಕೆಳಗೆ. ಗಂಡಸರು ಸುತ್ತ ನಿಂತರೆ ಉತ್ತರ ಅವರದಾಗುತ್ತದೆ. ನನ್ನ ಮೊದಲ ಹದಿನೈದು ಫಾರಂ ಹೀಗೇ ಹಾಳಾದವು. ಹೆಸರು ಹೆಂಗಸಿನದು, ಉತ್ತರ ಮೈದುನನದು.

"ಎಕರೆಗೆ ಲಾವಣಿ ಎಷ್ಟು?" ಅಂತ ಗೇಣಿಯ ಲೆಕ್ಕ ನೇರ ಕೇಳಿದರೆ ಯಾರೂ ಹೇಳುವುದಿಲ್ಲ. "ಎಷ್ಟು ಚೀಲಕ್ಕೆ ಮಾತಾಡೀರಿ?" ಅಂದರೆ ಹೇಳುತ್ತಾರೆ. ಅಳತೆಗಳನ್ನು ಅವರ ಮಾತಲ್ಲೇ ಬರೆದುಕೊಂಡು ಮನೆಗೆ ಬಂದ ಮೇಲೆ ಕ್ವಿಂಟಲ್‌ಗೆ ತಿರುಗಿಸಿ. ಅವರ ಹೆಸರು ಪ್ರಬಂಧದಲ್ಲಿ ಬರುವುದಿಲ್ಲ ಅಂತ ಮೊದಲೇ ಹೇಳಿ, ಒಪ್ಪಿಗೆ ಕೇಳಿ. ಧ್ವನಿ ಮುದ್ರಿಸುವುದಾದರೆ ಫೋನನ್ನು ಎದುರಿಗೆ ಇಟ್ಟು ಮುದ್ರಿಸಿ.

ಪ್ರಯೋಗಾಲಯದವರು ಮಣ್ಣಿನ ಚೀಲದ ಒಳಗೂ ಹೊರಗೂ ಚೀಟಿ ಹಾಕಿ, ಪೆನ್ಸಿಲ್‌ನಲ್ಲಿ. ತೇವಕ್ಕೆ ಪೆನ್ನಿನ ಶಾಯಿ ಅಳಿಸಿ ಹೋಗುತ್ತದೆ. ಜಿಪಿಎಸ್ ಗುರುತು, ಆಳ, ದಿನಾಂಕ ಮೂರೂ ಇರಲಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ನೋಡುವವರು ಬೇಸಿಗೆ ಮತ್ತು ಮಳೆ ಮುಗಿದ ಮೇಲೆ ಎರಡು ಸಲ ತೆಗೆಯಿರಿ. ಒಂದೇ ಬೋರ್‌ವೆಲ್ ಎರಡು ಕಾಲಕ್ಕೆ ಎರಡು ಉತ್ತರ ಕೊಡುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ನೀರು ಸಿಕ್ಕರೆ, ಪ್ರಬಂಧ ಮುಗಿಯುವವರೆಗೆ ಕಾಯದೆ ಪಂಚಾಯಿತಿಗೆ ಅವತ್ತೇ ತಿಳಿಸಿ.

ಹೆಜ್ಜೆ 7: ಬರೆಯುವುದು

ಕನ್ನಡದಲ್ಲಿ ಬರೆಯುವವರಿಗೆ: ಮೊದಲ ದಿನದಿಂದ ಯುನಿಕೋಡ್‌ನಲ್ಲೇ ಟೈಪ್ ಮಾಡಿ. "ನುಡಿ" ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಮಾಡಿದ ಕಡತ ಬೇರೆ ಕಂಪ್ಯೂಟರಿನಲ್ಲಿ ಬರೀ ಗೀಚಿದಂತೆ ಕಾಣುತ್ತದೆ, ಪರಿವರ್ತಿಸಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ನಾನು ಸಲ್ಲಿಸುವ ಹಿಂದಿನ ವಾರ ನಾಲ್ಕು ಅಧ್ಯಾಯದ ಒತ್ತಕ್ಷರ ಕೈಯಲ್ಲಿ ತಿದ್ದಿದ್ದೇನೆ.

ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿ 10 ಶೇಕಡಾವರೆಗಿನ ಹೋಲಿಕೆಗೆ ದಂಡ ಇಲ್ಲ. 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ಪದ ಬದಲಿಸುವ ಆಟ ಬೇಡ. ಓದಿದ ಪುಸ್ತಕ ಮುಚ್ಚಿಟ್ಟು, ಅರ್ಥವಾಗಿದ್ದನ್ನು ಗೆಳೆಯನಿಗೆ ಹೇಳಿದಂತೆ ಬರೆದರೆ ಹೋಲಿಕೆ ತಾನಾಗಿ ಇಳಿಯುತ್ತದೆ.

ಲೇಖನ ಪ್ರಕಟಿಸುವ ವಿಚಾರ. 2022ರ ಯುಜಿಸಿ ನಿಯಮದಲ್ಲಿ ಅದು ಕಡ್ಡಾಯ ಅಲ್ಲ. ವಿಶ್ವವಿದ್ಯಾಲಯದ ಸ್ವಂತ ನಿಯಮ ಬೇರೆ ಇರಬಹುದು, ನೋಡಿಕೊಳ್ಳಿ. ಯುಜಿಸಿ ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದ್ದಾರೆ, ಹಾಗಾಗಿ "ಯುಜಿಸಿ ಮಾನ್ಯತೆ ಇದೆ, ಮೂರು ದಿನದಲ್ಲಿ ಪ್ರಕಟಣೆ, 2,000 ರೂಪಾಯಿ" ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಡಿಲೀಟ್ ಮಾಡಿ.

ಪ್ರಬಂಧ ಸಲ್ಲಿಸಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಸಿಕ್ಕ ಉತ್ತರವನ್ನು ಎರಡೇ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದು ನಕ್ಷೆ ಹಾಕಿ ಕನ್ನಡದಲ್ಲಿ ಬರೆದು, ನಿಮಗೆ ಉತ್ತರ ಕೊಟ್ಟ ಮನೆಗಳಿಗೆ ಝೆರಾಕ್ಸ್ ಹಂಚಿ. ನಾನು ಕಾರಟಗಿಯ ಕಾಕಾನಿಗೆ ಕೊಟ್ಟಾಗ ಅವರು ಕನ್ನಡಕ ಹಾಕಿಕೊಂಡು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಗೆರೆಯ ಮೇಲೆ ಬೆರಳಿಟ್ಟು, "ಈ ಹಳ್ಳ ನೀ ತಪ್ಪು ಹಾಕೀದಿ ತಮ್ಮಾ. ಇದು ಈ ಕಡೆ ಹರಿತೈತಿ" ಅಂದರು. ಮರುದಿನ ಹೋಗಿ ನೋಡಿದೆ. ಅದು ಆ ಕಡೆಯೇ ಹರಿಯುತ್ತಿತ್ತು.